ತಲೆಕೆಳಗಾದ ಮುಕ್ಕಾಲಿ

ಮಂಗಳವಾರ, ಸಂಜೆ

ಮರಿಯ ಅಪ್ಪನವರಿಗೆ,

ಗಂಟೆ ಆರೂಕಾಲು. ಬೆಳಗಿನ ಅಂಚೆಯಲ್ಲಿ ನಲವತ್ತಮೂರು ಹೋಂವರ್ಕ್ ಬಂದವು. ಎರಡರ ಮೇಲೆ ನಂಬರೇ ಇರಲಿಲ್ಲ, ಒಂದರ ಮೇಲೆ ಯಾರೋ ಚಹಾ ಲೋಟ ಇಟ್ಟ ಗುರುತಿತ್ತು. ಹನ್ನೊಂದರಿಂದ ಎರಡರವರೆಗೆ ಎರಡನೇ ವರ್ಷದವರ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇಪ್ಪತ್ತೈದರ ಕಟ್ಟುಗಳಾಗಿ ಕಟ್ಟಿದೆ. ನಾಲ್ಕಕ್ಕೆ ಮನೆಗೆ ಬಂದು ಬಟ್ಟೆ ಒಗೆದು ಹಾಕಿದೆ. ಮರಿ ಹೋದಂದಿನಿಂದ ದಿನಾ ಇಷ್ಟನ್ನು ಡೈರಿಯಲ್ಲಿ ಬರೆದಿಡುತ್ತೇನೆ, ಒಂದು ದಿನವೂ ಬಿಟ್ಟಿಲ್ಲ. ಇವತ್ತು ಡೈರಿಗೆ ಬರೆದರೆ ಸಾಲದು ಅನ್ನಿಸಿತು. ನಿಮಗೆ ಬರೆಯುತ್ತಿದ್ದೇನೆ.

ನೀವು ಮನೆ ಬಿಟ್ಟು ಹದಿನಾಲ್ಕು ತಿಂಗಳು. ಮೊದಲು ಕ್ಷೇಮ ಸಮಾಚಾರ ಕೇಳಬೇಕು, ನನಗೂ ಗೊತ್ತು. ಆದರೆ ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ ಎಂಬುದು ನಿಮಗೆ ಗೊತ್ತಿದೆ. ನನ್ನದು ಒಂದೇ ಪ್ರಶ್ನೆ. ಮೊದಲ ಆರು ವಾರದ ಹೋಂವರ್ಕನ್ನು ನೀವೇ ಮಾಡಿದಿರೋ, ಮಗಳ ನೋಟ್‌ಬುಕ್ ನೋಡಿ ಇಳಿಸಿದಿರೋ?

ನಾಳೆ ಕಾಲೇಜಿನ ವಿಚಾರಣಾ ಸಮಿತಿಯವರೂ ಇದನ್ನೇ ಕೇಳುತ್ತಾರೆ. ಅವರಿಗಿಂತ ಮೊದಲು ನಾನು ಕೇಳುತ್ತಿದ್ದೇನೆ. ನಿಮಗೆ ಬಂದ ನೋಟಿಸಿನಲ್ಲಿ ದೂರು ಕೊಟ್ಟವರ ಹೆಸರು ಇರುವುದಿಲ್ಲ, ಅದು ನಿಯಮ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ದೂರು ಕೊಟ್ಟವಳು ನಾನು.

ಈಗ ಕಾಗದ ಮಡಿಸಿ ಎಸೆಯಬೇಡಿ. ಪೂರ್ತಿ ಓದಿ.

ನಮ್ಮ ಪರೀಕ್ಷಾ ವಿಭಾಗ ನಿಮಗೆ ಹೊಸದಲ್ಲ. ಗೇಟಿನಿಂದ ಬಂದರೆ ಎಡಗಡೆಯ ಉದ್ದ ಕೋಣೆ, ಕಿಟಕಿಗೆ ತಂತಿಬಲೆ, ಗೋಡೆಯುದ್ದಕ್ಕೂ ಮರದ ಗೂಡುಗಳು. ಅಂಚೆ ತರಗತಿಯವರು ಕಾಲೇಜಿಗೆ ಬರುವುದಿಲ್ಲ, ವಾರಕ್ಕೆ ಐದು ಲೆಕ್ಕ ಮಾಡಿ ಕಳಿಸುತ್ತಾರೆ. ಲೆಕ್ಕಕ್ಕೆ ಎರಡರಂತೆ ಹತ್ತು ಮಾರ್ಕು. ಹಾಳೆಯ ಮೇಲೆ ನಂಬರು ಮಾತ್ರ, ಹೆಸರಿನ ಪುಸ್ತಕ ಸೂಪರಿಂಟೆಂಡೆಂಟ್ ಸಾಹೇಬರ ಕಪಾಟಿನಲ್ಲಿ. ನಾನು ಲಕೋಟೆ ಒಡೆದು, ನಂಬರಿನ ಪ್ರಕಾರ ಜೋಡಿಸಿ, ತಿದ್ದುವ ಇಬ್ಬರು ನಿವೃತ್ತ ಮೇಷ್ಟ್ರುಗಳಿಗೆ ಕಳಿಸಬೇಕು. ತಿದ್ದಿ ಬಂದ ಮೇಲೆ ಮಾರ್ಕನ್ನು ಪುಸ್ತಕಕ್ಕೆ ಏರಿಸಬೇಕು. ಒಳಗೆ ಏನು ಬರೆದಿದೆ ಎಂದು ನೋಡುವುದು ನನ್ನ ಕೆಲಸವಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನೋಡಿ ಮಾಡುವುದೇನು?

ಆದರೆ ಹೋದ ತಿಂಗಳು ಏಳನೇ ವಾರದ ಕಟ್ಟು ಬಿಚ್ಚಿದಾಗ ಫ್ಯಾನಿನ ಗಾಳಿಗೆ ಒಂದು ಹಾಳೆ ನೆಲಕ್ಕೆ ಬಿತ್ತು, ನಂಬರು ನೂರ ಹದಿನೇಳು. ಎತ್ತಿಕೊಂಡು ನೋಡಿದರೆ ಸಾಲು ಸಾಲಿನ ಮೊದಲಿಗೂ ಮುಕ್ಕಾಲಿ. ಮೇಲೆ ಎರಡು ಚುಕ್ಕಿ, ಕೆಳಗೆ ಒಂದು. ತಲೆಕೆಳಗಾದ ಮುಕ್ಕಾಲಿ.

ಅದರ ಕಥೆ ನಿಮಗೆ ಅರ್ಧ ಮಾತ್ರ ಗೊತ್ತು, ನೀವು ಆ ಹೊತ್ತಿಗೆಲ್ಲ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ನಿನ ಮುಂದೆ ಇರುತ್ತಿದ್ದಿರಿ. ಮರಿ ಎಂಟನೇ ತರಗತಿಯಲ್ಲಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಕೂತು ರೇಖಾಗಣಿತ ಬರೆಯುತ್ತಿದ್ದಳು. 'ಆದ್ದರಿಂದ' ಎಂದು ಬರೆಯುವ ಬದಲು ಮೂರು ಚುಕ್ಕಿ ಇಡುತ್ತಾರಲ್ಲ, ಅದು ಹೇಗೆ ಅಂದಳು. ನಾನು ಕಲಿತು ಎಷ್ಟು ಕಾಲವಾಗಿತ್ತು! ಆದರೂ ಗೊತ್ತಿಲ್ಲ ಅನ್ನಲು ಮನಸ್ಸು ಬರಲಿಲ್ಲ. ಮುಕ್ಕಾಲಿ ಮಗುಚಿ ಹಾಕಿದ ಹಾಗೆ ಅಂದೆ. ಮೇಲೆ ಎರಡು ಕಾಲು, ಕೆಳಗೆ ಒಂದು. ನಿಜಕ್ಕೂ ನೆಟ್ಟಗೆ ನಿಂತದ್ದು 'ಆದ್ದರಿಂದ', ಮಗುಚಿದ್ದು 'ಏಕೆಂದರೆ'. ನಾನು ಅದಲು ಬದಲು ಮಾಡಿ ಹೇಳಿದ್ದೆ. ಶಾಲೆಯಲ್ಲಿ ತಿದ್ದಿದರು, ಅವಳು ಕೇಳಲಿಲ್ಲ. ಕಾಲೇಜಿನಲ್ಲಿ ಗಣಿತದ ಮೇಡಂ ಪ್ರತಿ ಹೋಂವರ್ಕಿಗೂ ಅದಕ್ಕಾಗಿ ಕಾಲು ಮಾರ್ಕು ಕಡಿಯುತ್ತಿದ್ದರು. ಮರಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಅಮ್ಮಾ, ಇವತ್ತೂ ನಿನ್ನ ಮುಕ್ಕಾಲಿ ಮೇಲೆ ಕೂತು ಕಾಲು ಮುರ್ಕೊಂಡೆ!" ಅನ್ನುತ್ತಿದ್ದಳು. ನೆಟ್ಟಗೆ ಬರೆಯಬಾರದೇನೇ ಅಂದರೆ, "ನಮ್ಮಮ್ಮ ಕಲಿಸಿದ್ದು ಇದೊಂದೇ ಲೆಕ್ಕ, ಅದನ್ನೂ ಬಿಟ್ಬಿಡ್ಲಾ?" ಅನ್ನುತ್ತಿದ್ದಳು. ಕೊನೆಗೆ ಮೇಡಮ್ಮೇ ಸೋತು ಕಡಿಯುವುದನ್ನು ನಿಲ್ಲಿಸಿದರು.

ಆ ಮುಕ್ಕಾಲಿ ಈ ಭೂಮಿಯ ಮೇಲೆ ನಮ್ಮಿಬ್ಬರದು ಮಾತ್ರ. ಒಬ್ಬಳು ಇಲ್ಲ. ನಂಬರು ನೂರ ಹದಿನೇಳಕ್ಕೆ ಅದು ಎಲ್ಲಿಂದ ಬಂತು?

ನೂರ ಹದಿನೇಳರ ಹಿಂದಿನ ಆರು ವಾರದ ಹಾಳೆಗಳು ಫೈಲಿನಲ್ಲಿದ್ದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ತೆಗೆದೆ. ಒಂಬತ್ತು, ಒಂಬತ್ತು, ಎಂಟು, ಒಂಬತ್ತು, ಹತ್ತು, ಒಂಬತ್ತು. ಎಲ್ಲ ಕಡೆ ಮುಕ್ಕಾಲಿ. ಮೂರನೇ ವಾರದ ಎರಡನೇ ಲೆಕ್ಕದಲ್ಲಿ ಆರು ಸಾಲು ಬರೆದು, ಅದರ ಮೇಲೆ ಅಡ್ಡಗೀರು ಎಳೆದು, ಪಕ್ಕದಲ್ಲಿ "ಇದು ಬೇಡ, ಬೇರೆ ದಾರಿ" ಎಂದು ಬರೆದಿತ್ತು. ಮರಿ ಆ ಗೀರು ಎಳೆದಾಗ ನಾನು ಎದುರಿಗೇ ಕೂತಿದ್ದೆ. ಸ್ಕೇಲು ಸಿಗದೆ ನನ್ನ ಬಾಚಣಿಗೆಯ ಬೆನ್ನಿನಿಂದ ಎಳೆದಿದ್ದಳು. ತಪ್ಪಿದ್ದನ್ನೂ, ಹೊಡೆದು ಹಾಕಿದ್ದನ್ನೂ ಬಿಡದೆ ಇಳಿಸಿಕೊಂಡ ಕಳ್ಳನನ್ನು ನಾನು ಎಲ್ಲೂ ಕಂಡಿರಲಿಲ್ಲ. ಎಂಥ ದಡ್ಡನಪ್ಪಾ ಇವನು ಅಂದುಕೊಂಡೆ. ಕ್ಷಮಿಸಿ, ಆಗ ನನಗೆ ಗೊತ್ತಿರಲಿಲ್ಲ.

ಅಕ್ಷರ ನೋಡಿ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ನೀವು ನನಗೆ ಒಂದು ಚೀಟಿ ಬರೆದವರಲ್ಲ. ನಿಮ್ಮ ಅಕ್ಷರ ನನಗೆ ಎಲ್ಲಿಂದ ಗೊತ್ತಾಗಬೇಕು?

ನನ್ನ ಅನುಮಾನ ಮೊದಲು ಹೋದದ್ದು ಗೋಂದಕ್ಕನ ಮೇಲೆ. ನನ್ನೆದುರು ಮೇಜಿನಲ್ಲಿ ಕೂತು ಲಕೋಟೆ ಅಂಟಿಸುತ್ತಾಳಲ್ಲ, ಅವಳೇ. ಮರಿಯ ಹಳೆಯ ಹಾಳೆಗಳು ಯಾವುದಾದರೂ ಗೂಡಿನಲ್ಲಿ ಉಳಿದಿದ್ದು, ಅವಳು ಯಾರಿಗೋ ದಾಟಿಸಿರಬೇಕು ಅನ್ನಿಸಿತು. ಎರಡು ದಿನ ಅವಳ ಕೈಯನ್ನೇ ನೋಡುತ್ತಿದ್ದೆ. ಮೂರನೇ ದಿನ ಅವಳು ನೀರು ತರಲು ಹೋದಾಗ ಅವಳ ಡ್ರಾಯರ್ ಎಳೆದೆ. ಒಳಗಿದ್ದದ್ದು ಅರ್ಧ ಪೊಟ್ಟಣ ಬಿಸ್ಕತ್ತು, ಮೊಮ್ಮಗನ ಫೋಟೋ, ಹೋದ ವರ್ಷ ಕಳೆದುಹೋಯಿತೆಂದು ನಾನು ಬೊಬ್ಬೆ ಹೊಡೆದಿದ್ದ ಕತ್ತರಿ. ಅವಳು ಬಾಗಿಲಲ್ಲೇ ನಿಂತಿದ್ದಳು. "ಕತ್ತರಿ ತಾನೇ? ನಿನ್ನದೇ. ಹೇಳ್ಬೇಕು ಹೇಳ್ಬೇಕು ಅಂತ ವರ್ಷ ಆಯ್ತು, ನಿನ್ನ ಮುಖ ನೋಡಿದ್ರೆ ಬಾಯೇ ಬರಲ್ಲ ಮಾರಾಯ್ತಿ" ಅಂದಳು. ನಾನು ಕತ್ತರಿಗಾಗಿ ಹುಡುಕಲಿಲ್ಲ ಅಂದೆ. "ಮತ್ತೇನು ಹುಡುಕಿದೆ?" ಅಂದಳು. ಡ್ರಾಯರ್ ಮುಚ್ಚಿ ನನ್ನ ಮೇಜಿಗೆ ಹೋದೆ. ಅವಳು ಆವತ್ತಿನಿಂದ ಡ್ರಾಯರಿಗೆ ಬೀಗ ಹಾಕಿಕೊಂಡು ಹೋಗುತ್ತಾಳೆ.

ಆಮೇಲೆ ಗಣಿತದ ಮೇಡಂ ಹತ್ತಿರ ಹೋದೆ. ಅವರು ಪ್ರತಿ ವರ್ಷ ಪರೀಕ್ಷೆಯ ಪ್ರಶ್ನೆ ಬದಲಾಯಿಸುತ್ತಾರೆ, ಹೋಂವರ್ಕಿನ ಲೆಕ್ಕಗಳನ್ನು ಬದಲಾಯಿಸುವುದಿಲ್ಲ. ಕಾಲೇಜಿಗೆ ಬರುತ್ತಿದ್ದ ಮರಿಗೆ ಕೊಟ್ಟದ್ದೇ ಈಗಿನ ಅಂಚೆಯವರಿಗೂ. ಹಾಳೆಗಳನ್ನು ಅವರ ಮೇಜಿನ ಮೇಲೆ ಹರಡಿ, ಇದು ನನ್ನ ಮಗಳದು, ಯಾರೋ ಕದ್ದಿದ್ದಾರೆ ಅಂದೆ. ನನ್ನ ಧ್ವನಿ ಜೋರಾಗಿತ್ತಂತೆ, ಆಮೇಲೆ ಹೇಳಿದರು. ಅವರು ಮುಕ್ಕಾಲಿಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. "ಈ ಹಠಮಾರಿ ಚುಕ್ಕಿನ ನಾನು ಎಲ್ಲಿದ್ರೂ ಗುರುತಿಸ್ತೀನಿ. ಬರೆದು ಕೊಡಿ" ಅಂದರು. ಬರೆದು ಕೊಟ್ಟೆ. ಸತ್ತ ಹುಡುಗಿಯ ಶ್ರಮವನ್ನು ಕದ್ದವನು ಯಾರೇ ಆಗಲಿ ಅವನ ಹೆಸರು ತೆಗೆದುಹಾಕಬೇಕು ಎಂದು ಬರೆದೆ. 'ಯಾರೇ ಆಗಲಿ' ಎಂಬುದರ ಕೆಳಗೆ ಗೆರೆ ಎಳೆದೆ.

ಸಾಹೇಬರು ಕಪಾಟು ತೆಗೆದು ಹೆಸರಿನ ಪುಸ್ತಕ ನೋಡಿದರು. ನೋಡಿ, ಹೆಸರನ್ನು ಓದಿ ಹೇಳದೆ, ಮೇಡಂ ಕಡೆ ತಿರುಗಿಸಿದರು. ಮೇಡಂ ನನ್ನ ಮುಖ ನೋಡಿದರು. "ಇವರು... ನಿಮ್ಮ ಯಜಮಾನ್ರಲ್ವಾ?" ಅಂದರು.

ಅಲ್ಲ ಅಂದೆ. ಮೊದಲು ಬಾಯಿಗೆ ಬಂದದ್ದು ಅದೇ. ಅವರು ಲೇತ್ ಕೆಲಸದವರು, ಅವರಿಗೂ ಇದಕ್ಕೂ ಏನು ಸಂಬಂಧ, ಅದೇ ಹೆಸರಿನ ಬೇರೆ ಯಾರೋ ಇರಬೇಕು ಅಂದೆ. ಸಾಹೇಬರು ಅರ್ಜಿ ಹೊರಗೆ ತೆಗೆದರು. ನಿಮ್ಮ ಫೋಟೋ. ಕೂದಲು ಪೂರ್ತಿ ಬೆಳ್ಳಗಾಗಿದೆ. ವಯಸ್ಸು ಐವತ್ತಮೂರು. ಕೋರ್ಸಿಗೆ ಸೇರಲು ಕಾರಣ ಎಂಬಲ್ಲಿ "ಮನೆಯಲ್ಲಿ ಈ ಕೋರ್ಸು ಅರ್ಧಕ್ಕೆ ನಿಂತಿದೆ" ಎಂದು ಬರೆದಿತ್ತು.

ನನಗೆ ಅಳು ಬಂತು ಎಂದುಕೊಳ್ಳಬೇಡಿ. ಈ ಮಾತು ನಿಮ್ಮದೋ, ಇಲ್ಲ ಅರ್ಜಿ ತುಂಬಿಸಿಕೊಟ್ಟವನು ಹೇಳಿ ಬರೆಸಿದ್ದೋ ಎಂದು ಅನುಮಾನಪಟ್ಟೆ. ವರ್ಕ್‌ಶಾಪಿನಲ್ಲಿ ಮೇಲಿನ ಹುದ್ದೆಗೆ ಸರ್ಟಿಫಿಕೇಟು ಬೇಕಾಗಿರಬೇಕು, ಅದಕ್ಕೆ ಮಗಳ ನೋಟ್‌ಬುಕ್ ಬಳಸಿಕೊಂಡಿರಿ ಅಂದುಕೊಂಡೆ. ಮನೆ ಬಿಡುವಾಗ ಹತ್ಯಾರದ ಪೆಟ್ಟಿಗೆಯ ಜೊತೆ ಅದನ್ನು ಮಾತ್ರ ಕೇಳಿ ತೆಗೆದುಕೊಂಡು ಹೋದದ್ದು ಇದಕ್ಕೇ ಇರಬೇಕು ಅಂದುಕೊಂಡೆ. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋಳು ನೀನು" ಎಂದು ನೀವು ನನ್ನನ್ನು ಬೈಯುತ್ತಿದ್ದಿರಿ. ಇರಬಹುದು. ಆದರೆ ನನ್ನನ್ನು ಹೀಗೆ ಅನುಮಾನದವಳನ್ನಾಗಿ ಮಾಡಿದ್ದು ನಿಮ್ಮ ಹನ್ನೊಂದು.

ಹನ್ನೊಂದು ಎಂದರೆ ನಿಮಗೆ ಅರ್ಥವಾಗುತ್ತದೆ. ಮರಿಯ ಮೊದಲ ಕಿರುಪರೀಕ್ಷೆಯ ಕಾರ್ಡು, ಐವತ್ತಕ್ಕೆ ಹನ್ನೊಂದು, ಕೆಳಗೆ ನಿಮ್ಮ ಸಹಿ. ಕಿರುಪರೀಕ್ಷೆಯ ಮಾರ್ಕು ನನ್ನ ಪುಸ್ತಕಕ್ಕೆ ಬರುವುದಿಲ್ಲ, ಅವಳು ಹೋದ ಮೇಲೆ ನಿಮ್ಮ ಹತ್ಯಾರದ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿತು. ಅವಳು ಚೆನ್ನಾಗಿ ಓದುತ್ತಿದ್ದಾಳೆ ಎಂದು ನಾನು ಗೋಂದಕ್ಕನ ಮುಂದೆ ಹೇಳಿಕೊಂಡು ತಿರುಗುತ್ತಿದ್ದ ತಿಂಗಳು ಅದು. "ಅವಳೇ ಬೇಡ ಅಂದ್ಲು ಕಣೇ. ಮುಂದಿನ ಟೆಸ್ಟಲ್ಲಿ ಸರಿ ಮಾಡ್ಕೊಂಡು ಅಮ್ಮಂಗೆ ನಾನೇ ಹೇಳ್ತೀನಿ ಅಂದ್ಲು" ಎಂದು ನೀವು ಹೇಳಿದಿರಿ. ನಾನು ನಂಬಲಿಲ್ಲ. ಮಾರ್ಕು ಮುಚ್ಚಿಟ್ಟವರು ಜ್ವರವನ್ನೂ ಮುಚ್ಚಿಟ್ಟಿರಬೇಕು ಅನ್ನಿಸಿತು. ಅವಳು ಬುಧವಾರ ಹೋಂವರ್ಕ್ ಕೊಟ್ಟು ಬಂದು ಮಲಗಿದವಳು, ಶನಿವಾರ ಆಸ್ಪತ್ರೆಯಿಂದ ಬರಲಿಲ್ಲ. ಅದಕ್ಕೆ ಮೊದಲೇ ಮೈ ಬಿಸಿ ಇತ್ತೇ? ನಿಮಗೆ ಗೊತ್ತಿತ್ತೇ? ನನಗೆ ಹೇಳಬೇಡ ಎಂದು ಅವಳು ಅದಕ್ಕೂ ಹೇಳಿದ್ದಳೇ? ಊಟಕ್ಕೆ ಕೂತರೆ ಇದೇ ಕೇಳಿದೆ, ಎದ್ದರೆ ಇದೇ ಕೇಳಿದೆ. ಇನ್ನೇನು ಮುಚ್ಚಿಟ್ಟಿದ್ದೀರಿ, ಇನ್ನೇನು ಮುಚ್ಚಿಟ್ಟಿದ್ದೀರಿ. ಹತ್ತು ತಿಂಗಳು ಕೇಳಿಸಿಕೊಂಡಿರಿ. ಒಂದು ಬೆಳಿಗ್ಗೆ "ನನ್ ಹತ್ರ ಇನ್ನೇನೂ ಇಲ್ಲ ಕಣೇ" ಎಂದು ಹೇಳಿ ಬಸ್ಸು ಹತ್ತಿದಿರಿ.

ಈಗ ನನ್ನದು ಹೇಳುತ್ತೇನೆ. ಇದನ್ನು ಡೈರಿಯಲ್ಲೂ ಬರೆದಿಲ್ಲ.

ಅವಳು ಹೋದ ಹದಿನೈದನೇ ದಿನ ನಾನು ಕೆಲಸಕ್ಕೆ ವಾಪಸು ಹೋದೆ. ತಿದ್ದಿ ಬಂದ ಹೋಂವರ್ಕುಗಳ ಗೂಡಿನಲ್ಲಿ ಒಂದು ಮಾತ್ರ ಯಾರೂ ಒಯ್ಯದೆ ಉಳಿದಿತ್ತು. ಅವಳದು, ಏಳನೇ ವಾರದ್ದು, ಹತ್ತಕ್ಕೆ ಆರು. ಯಾರೂ ಒಯ್ಯದ ಹಾಳೆಯನ್ನು ವರ್ಷದ ಕೊನೆಯವರೆಗೆ ಇಟ್ಟು ಹರಿದು ಹಾಕಿ, ಪುಸ್ತಕದಲ್ಲಿ ಗುರುತು ಹಾಕಬೇಕು. ನಾನು ವರ್ಷದ ಕೊನೆಗೆ ಕಾಯಲೂ ಇಲ್ಲ, ಹರಿಯಲೂ ಇಲ್ಲ. ಹರಿದೆನೆಂದು ಗುರುತು ಹಾಕಿ, ಹಾಳೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ತಂದೆ. ಪರೀಕ್ಷಾ ವಿಭಾಗದಿಂದ ಮಾರ್ಕು ಹಾಕಿದ ಹಾಳೆ ಹೊರಗೆ ಹೋದರೆ ಕೆಲಸ ಹೋಗುತ್ತದೆ. ಅದು ನನಗೆ ಹೆದರಿಕೆಯ ವಿಷಯ ಆಗಿರಲಿಲ್ಲ. ನಿಮಗೆ ತೋರಿಸಬೇಕಾಗುತ್ತದಲ್ಲ, ಅದಕ್ಕೆ ಹೆದರಿದೆ. ಅವಳ ಕೊನೆಯ ಅಕ್ಷರ ನನ್ನೊಬ್ಬಳ ಹತ್ತಿರ ಇರಲಿ ಅನ್ನಿಸಿತು. ಇನ್ನೇನು ಮುಚ್ಚಿಟ್ಟಿದ್ದೀರಿ ಎಂದು ನಿಮ್ಮನ್ನು ಕೇಳುತ್ತಿದ್ದ ಅಷ್ಟು ದಿನವೂ ಅದು ನನ್ನ ಹಾಸಿಗೆಯ ಕೆಳಗಿತ್ತು. ನೀವು ಒಂದು ಸಲ ಆ ಹಾಸಿಗೆ ಮಗುಚಿದ್ದರೆ ಸಿಗುತ್ತಿತ್ತು. ನೀವು ಮಗುಚಲಿಲ್ಲ. ನಿಮಗೆ ಅನುಮಾನ ಪಡಲು ಬರುವುದಿಲ್ಲ.

ಈಗ ಆ ಹಾಳೆಗೆ ಬೆಲೆ ಬಂದಿದೆ, ಕೇಳಿ. ನಿಯಮ ಹೀಗಿದೆ: ಯಾವ ವಾರದ್ದು ನಕಲೋ ಆ ವಾರಕ್ಕೆ ಸೊನ್ನೆ. ಕೊಟ್ಟದ್ದೆಲ್ಲ ನಕಲಾದರೆ ಹೆಸರೇ ರದ್ದು, ಮೂರು ವರ್ಷ ಮತ್ತೆ ಸೇರುವಂತಿಲ್ಲ. ದೂರು ಬಂದಾಗ ನೀವು ಕೊಟ್ಟದ್ದು ಏಳು ವಾರದ್ದು. ಆರು ನಕಲು ಎಂಬುದರಲ್ಲಿ ಸಮಿತಿಗೆ ಸಂಶಯವೇ ಇಲ್ಲ, ಆ ಬೇರೆ ದಾರಿ ಎಂಬ ಗೀರು ಒಂದೇ ಸಾಕು. ಉಳಿದದ್ದು ಏಳನೆಯದು. ಸಾಹೇಬರು ಹಳೆಯ ಮಾರ್ಕಿನ ಪುಸ್ತಕ ತರಿಸಿ ನೋಡಿದರು. ಆ ಹುಡುಗಿಗೆ ಏಳನೇ ವಾರ ಆರು, ನೂರ ಹದಿನೇಳಕ್ಕೂ ಏಳನೇ ವಾರ ಆರು. "ಇಬ್ರಿಗೂ ಆರು. ಇನ್ನೇನ್ರೀ ಸಾಕ್ಷಿ ಬೇಕು?" ಅಂದರು. ಅವಳ ಆರನ್ನು ಆ ಪುಸ್ತಕಕ್ಕೆ ಏರಿಸಿದ್ದು ನನ್ನದೇ ಕೈ.

ಆವತ್ತು ಸಂಜೆ ಮನೆಗೆ ಬಂದು ಹಾಸಿಗೆಯ ಕೆಳಗಿನಿಂದ ಹಾಳೆ ತೆಗೆದು ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ನಿಮ್ಮದು ಇರಲಿಲ್ಲ, ಆದರೆ ನಿಮ್ಮದನ್ನು ಎಷ್ಟು ಸಲ ನೋಡಿದ್ದೆನೆಂದರೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಅವಳಿಗೆ ಮೊದಲ ಮೂರು ಲೆಕ್ಕಕ್ಕೆ ಪೂರ್ತಿ ಬಂದಿದೆ, ಅಲ್ಲಿಗೆ ಆರು. ನಾಲ್ಕನೆಯದು ಸೊನ್ನೆ. ಐದನೆಯದು ಬರೆದೇ ಇಲ್ಲ, ಪ್ರಶ್ನೆಯ ನಂಬರು ಹಾಕಿ ಬಿಟ್ಟಿದ್ದಾಳೆ. ನಿಮಗೆ ಒಂದಕ್ಕೆ ಎರಡು, ಎರಡಕ್ಕೆ ಸೊನ್ನೆ, ಮೂರಕ್ಕೆ ಒಂದು, ನಾಲ್ಕಕ್ಕೆ ಎರಡು, ಐದಕ್ಕೆ ಒಂದು. ಕೂಡಿದರೆ ಇಬ್ಬರಿಗೂ ಆರು. ಒಳಗೆ ಒಂದಕ್ಕೊಂದು ಸಂಬಂಧವಿಲ್ಲ.

ಮಾರನೆಯ ದಿನ ಏನೋ ನೆಪ ಹೇಳಿ ಮೇಡಂ ಹತ್ತಿರ ಹೋಗಿ, ಆ ನಾಲ್ಕನೇ ಲೆಕ್ಕ ಏನು ಮೇಡಂ ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು, ಆದರೂ ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. "ಒಂದು, ಅರ್ಧ, ಮೂರನೇ ಒಂದು, ಕಾಲು, ಐದನೇ ಒಂದು, ಹೀಗೇ ಕೂಡ್ತಾ ಹೋಗಿ, ನಿಲ್ಲಿಸಬೇಡಿ. ಪ್ರತಿ ಸಲ ಕೂಡೋದು ಚಿಕ್ಕದಾಗ್ತಾ ಬರುತ್ತೆ ಅಲ್ವಾ? ಹಾಗಾದ್ರೆ ಮೊತ್ತ ಒಂದು ಕಡೆ ನಿಲ್ಲುತ್ತೋ ಇಲ್ವೋ?" ನಿಲ್ಲಬೇಕಲ್ಲ ಮೇಡಂ, ಕೊನೆಗೆ ಕೂಡಲು ಏನೂ ಉಳಿಯುವುದಿಲ್ಲವಲ್ಲ ಅಂದೆ. "ಎಲ್ರೂ ಹಾಗೇ ಅಂತಾರೆ. ನಿಧಾನ ಆಗುತ್ತೆ, ನಿಲ್ಲಲ್ಲ. ಎಷ್ಟು ದೊಡ್ಡ ಸಂಖ್ಯೆ ಹೇಳಿ, ಅದನ್ನೂ ದಾಟುತ್ತೆ" ಅಂದರು.

ಮರಿಯೂ ನಿಲ್ಲುತ್ತದೆ ಎಂದೇ ಬರೆದಿದ್ದಾಳೆ. ಚಿಕ್ಕದಾಗುತ್ತಾ ಹೋಗುತ್ತದೆ, ಮಗುಚಿದ ಮುಕ್ಕಾಲಿ, ನಿಲ್ಲುತ್ತದೆ. ಅದಕ್ಕೇ ಸೊನ್ನೆ. ನೀವು ನಿಲ್ಲುವುದಿಲ್ಲ ಎಂದು ಬರೆದಿದ್ದೀರಿ. ಎರಡು ಸಂಖ್ಯೆಗೆ ಒಂದು ಆವರಣ, ಮುಂದಿನ ನಾಲ್ಕಕ್ಕೆ ಒಂದು, ಅದರ ಮುಂದಿನ ಎಂಟಕ್ಕೆ ಒಂದು, ಪ್ರತಿ ಆವರಣದ ಕೆಳಗೂ 'ಅರ್ಧಕ್ಕಿಂತ ಕಡಿಮೆ ಇಲ್ಲ, ಅಳೆದು ನೋಡಿದ್ದೇನೆ'. ಅಳೆದು ನೋಡಿದ್ದೇನೆ ಎಂದು ಗಣಿತದಲ್ಲಿ ಯಾರೂ ಬರೆಯುವುದಿಲ್ಲವಂತೆ. ತಿದ್ದಿದ ಮೇಷ್ಟ್ರು ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಆಶ್ಚರ್ಯದ ಚಿಹ್ನೆ ಇಟ್ಟು, ಪೂರ್ತಿ ಮಾರ್ಕು ಕೊಟ್ಟಿದ್ದಾರೆ. ಅದು ನಿಮ್ಮದೇ ಗಣಿತ. ನನಗೆ ಅದರಲ್ಲಿ ಅನುಮಾನವಿಲ್ಲ.

ಆದರೆ ಆರು ವಾರ? ಅದನ್ನು ನಾನು ಬಿಡುವುದಿಲ್ಲ. ಹೊಸಬರು ಕೆಲಸಕ್ಕೆ ಬಂದರೆ ಮಾದರಿ ತುಂಡನ್ನು ಪಕ್ಕದಲ್ಲಿಟ್ಟು ಹತ್ತು ಸಲ ಅದನ್ನೇ ಕಡೆಯಬೇಕು, ಆಗಲೇ ಕೈ ಕೂರುವುದು ಎಂದು ನೀವು ಹೇಳುತ್ತಿದ್ದಿರಿ. ನಾಳೆಯೂ ಇದನ್ನೇ ಹೇಳೋಣ ಎಂದುಕೊಂಡಿರಬಹುದು. ಹೇಳಬೇಡಿ. ವರ್ಕ್‌ಶಾಪಿನಲ್ಲಿ ಪಕ್ಕದಲ್ಲಿ ಮಾದರಿ ಇದೆ ಎಂದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ನೀವು ಅವಳ ಲೆಕ್ಕದ ಮೇಲೆ ನಿಮ್ಮ ನಂಬರು ಹಾಕಿ ಕಳಿಸಿದಿರಿ. ಒಂಬತ್ತು ಬಂದಾಗ ಏನನ್ನಿಸಿತು? ಅವಳಿಗೆ ಬಂತು ಅನ್ನಿಸಿತೋ, ನಿಮಗೆ ಬಂತು ಅನ್ನಿಸಿತೋ? ಹೊಡೆದು ಹಾಕಿದ ಸಾಲನ್ನು ಯಾಕೆ ಇಳಿಸಿದಿರಿ? ಗೊತ್ತಾಗದೆಯೋ, ಬಿಡಲು ಮನಸ್ಸಾಗದೆಯೋ? ಇದಕ್ಕೆ ಉತ್ತರ ಸಮಿತಿಗೆ ಬೇಡ, ನನಗೆ ಬೇಕು.

ನಾನು ಲೆಕ್ಕ ಹಾಕಿ ನೋಡಿದ್ದೇನೆ, ದಿನವೂ ಮಾರ್ಕು ಏರಿಸುವವಳಿಗೆ ಅಷ್ಟು ಬರುತ್ತದೆ. ಹನ್ನೆರಡು ವಾರದ ಹೋಂವರ್ಕ್ ಸೇರಿ ಮೂವತ್ತು, ಕೊನೆಯ ಪರೀಕ್ಷೆಗೆ ಎಪ್ಪತ್ತು. ಆರು ವಾರ ಸೊನ್ನೆಯಾಗಿ, ಏಳನೆಯದರ ಆರು ಉಳಿದು, ಮುಂದಿನ ಐದು ವಾರ ಐದೈದು ಬಂದರೂ ಹೋಂವರ್ಕಿನಿಂದ ನಿಮಗೆ ಸಿಗುವುದು ಎಂಟು. ಪಾಸಾಗಲು ನಲವತ್ತು ಬೇಕು, ಅಂದರೆ ಪರೀಕ್ಷೆಯಲ್ಲಿ ಎಪ್ಪತ್ತಕ್ಕೆ ಮೂವತ್ತೆರಡು. ಕಷ್ಟ, ಆದರೆ ಆಗದ್ದಲ್ಲ. ಹೆಸರು ರದ್ದಾದರೆ ಮತ್ತೆ ಸೇರುವ ಹೊತ್ತಿಗೆ ನಿಮಗೆ ಐವತ್ತಾರು. ನೀವು ಮತ್ತೆ ಸೇರುವುದಿಲ್ಲ, ನನಗೆ ಗೊತ್ತು.

ಅದಕ್ಕೇ ಹೇಳುತ್ತಿದ್ದೇನೆ. ನಾಳೆ ಅವರು ಕೇಳುವ ಮೊದಲೇ ಆರು ವಾರದ್ದು ಮಗಳದು ಎಂದು ನೀವಾಗಿ ಒಪ್ಪಿಕೊಳ್ಳಿ. ಅವಳು ಬೇಡ ಅಂದಳು, ಗೊತ್ತಾಗಲಿಲ್ಲ, ವಯಸ್ಸಾಯಿತು, ಅಂಥದ್ದೇನೂ ಬೇಡ. ನೀವು ಒಪ್ಪಿಕೊಂಡರೆ ನಾನು ಏಳನೇ ವಾರದ ಹಾಳೆಯ ವಿಷಯ ನೋಡುತ್ತೇನೆ. ಒಪ್ಪದೆ ಸುಳ್ಳು ಹೇಳಿದರೆ ನಾನು ಬಾಯಿ ಬಿಡುವುದಿಲ್ಲ. ನನ್ನ ಕೆಲಸವನ್ನು ಪಣಕ್ಕಿಟ್ಟು ಇನ್ನೊಬ್ಬರ ಸುಳ್ಳಿಗೆ ಸಾಕ್ಷಿಯಾಗಲಾರೆ.

ಕಾಗದವನ್ನು ಈಗಲೇ ಹೋಗಿ ಗೇಟಿನ ಕಾವಲುಗಾರನ ಕೈಗೆ ಕೊಟ್ಟು ಬರುತ್ತೇನೆ. ಬೆಳಿಗ್ಗೆ ನಿಮ್ಮ ಬಸ್ಸು ಒಂಬತ್ತೂವರೆಗೆ ಬರುತ್ತದೆ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಓದಲು ನಿಮಗೆ ಸಮಯ ಸಾಕು. ಹೊರಗಿನ ನಲ್ಲಿಯ ನೀರು ಕುಡಿಯಬೇಡಿ, ತೊಟ್ಟಿ ತೊಳೆದಿಲ್ಲ.

ಇಂತಿ,
ಮರಿಯ ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. 'ನೋಡುತ್ತೇನೆ' ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಹಾಳೆ ನನ್ನ ಹತ್ತಿರ ಇಲ್ಲ. ಇವತ್ತು ಮೂರು ಗಂಟೆಗೆ ಮೇಡಂ ಮೇಜಿನ ಮೇಲೆ ಇಟ್ಟು, ಹೇಗೆ ನನ್ನ ಹತ್ತಿರ ಬಂತೆಂದು ಹೇಳಿದೆ. ಅವರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ಓದಿದರು. "ಏಳನೇದು ಅವರದ್ದೇ" ಅಂದರು. ಆಮೇಲೆ ಸಾಹೇಬರನ್ನು ಕರೆಸದೆ ವಿಧಿಯಿರಲಿಲ್ಲ. ವಿಚಾರಣೆ ಮುಗಿಯುವ ತನಕ ನಾನು ವಿಭಾಗದೊಳಗೆ ಕಾಲಿಡುವಂತಿಲ್ಲ, ಅದಕ್ಕೇ ಬೇಗ ಮನೆಗೆ ಬಂದೆ. ಗೋಂದಕ್ಕ ಗೇಟಿನವರೆಗೂ ಬಂದಳು, ಆ ಕತ್ತರಿಯನ್ನು ನನ್ನ ಚೀಲಕ್ಕೆ ಹಾಕಿದಳು. ನೀವು ನಾಳೆ ಏನೇ ಹೇಳಿ, ಏಳನೇ ವಾರದ ಆರು ನಿಮಗೆ ಬರೆದಾಗಿದೆ. ಒಪ್ಪಿಕೊಳ್ಳುವುದು ಬಿಡುವುದು ಈಗ ನಿಮ್ಮೊಬ್ಬರದೇ.

ನನ್ನನ್ನೂ ನಾಳೆ ಹತ್ತೂವರೆಗೇ ಕರೆದಿದ್ದಾರೆ. ಸಮಿತಿಯ ಕೋಣೆಯ ಹೊರಗೆ ಇರುವುದು ಒಂದೇ ಬೆಂಚು.